ನಡುಗಡಲಲ್ಲಿ ಕೊಟ್ಟ ನೀಲಿ ಪೀಪಾಯಿ

ನಾನು ಒಂದು ಮಚವೆ, ಸಾಮಾನು ಹೊರುವ ಮರದ ಹಡಗು. ಈಗ ನನ್ನ ಹೊಟ್ಟೆಯಲ್ಲಿ ತೂತುಗಳಿವೆ, ಅವುಗಳಲ್ಲಿ ಏಡಿಗಳು ಓಡಾಡುತ್ತವೆ. ಹುಟ್ಟಿದಾಗ ಮಾತ್ರ ನನ್ನೊಳಗೆ ಒಂದು ಹನಿ ನೀರೂ ಜಿನುಗುತ್ತಿರಲಿಲ್ಲ.

ಹೊನ್ನಾವರದ ಹತ್ತಿರ, ಶರಾವತಿ ಕಡಲು ಸೇರುವ ಮರಳ ದಂಡೆಯ ಮೇಲೆ ನನ್ನನ್ನು ಕಟ್ಟಿದರು. ಹೆಬ್ಬಲಸಿನ ಹಲಗೆ, ಮತ್ತಿಯ ತೊಲೆ. ಸಂದುಗಳಿಗೆ ಹತ್ತಿ ತುರುಕಿ ಮೀನೆಣ್ಣೆ ಬಳಿದರು. ಕಟ್ಟಿಸಿದವನು ಜಟ್ಟಪ್ಪ ಖಾರ್ವಿ. ಹಡಗು ನಡೆಸುವ ತಾಂಡೇಲನೂ ಅವನೇ. ನೀರಿಗಿಳಿಸಿದ ದಿನ ಎಲ್ಲರೂ ಕೂಗಿ ಕುಣಿಯುತ್ತಿದ್ದರೆ ಅವನು ನನ್ನ ಮೂತಿಗೆ ಕೆನ್ನೆ ಒತ್ತಿ ಸುಮ್ಮನೆ ನಿಂತಿದ್ದ.

ಅವನು ಮೊದಲು ನನ್ನ ಮೇಲೆ ಹತ್ತಿಸಿದ್ದು ಒಂದು ನೀಲಿ ಪೀಪಾಯಿ. ಅದರ ತುಂಬ ಡೀಸೆಲ್, ಮೈಮೇಲೆ ಅವನೇ ಬರೆದ ಬಿಳಿ ಮೀನು. ಅದು ನಮಗಾಗಿ ಅಲ್ಲ. ಅವನ ತಮ್ಮ ಬುಧವಂತನ ದೋಣಿ ಎಣ್ಣೆ ಮುಗಿದು ತೇಲುತ್ತಿದ್ದಾಗ ಒಂದು ಹಡಗು ಕಂಡೂ ಕಾಣದಂತೆ ಸಾಗಿಹೋಗಿತ್ತಂತೆ. ಬುಧವಂತ ಮರಳಲಿಲ್ಲ. ಹಲಗೆ ಹಿಡಿದು ಬದುಕಿ ಬಂದ ಒಬ್ಬನೇ ಇದನ್ನು ಹೇಳಿದ್ದು. ಅಂದಿನಿಂದ ಜಟ್ಟಪ್ಪನದು ಒಂದೇ ನೇಮ. ಕಡಲಲ್ಲಿ ಕೈಬೀಸಿದವರಿಗೆ ಪೀಪಾಯಿ ಕೊಡಬೇಕು. ಯಾರು, ಎಲ್ಲಿಯವರು ಎಂದು ಕೇಳಬಾರದು.

ವರ್ಷಗಟ್ಟಲೆ ನಾವು ಈರುಳ್ಳಿ, ಅಕ್ಕಿ, ಹೆಂಚು ಹೊತ್ತು ದೂರದ ಒಂದು ಪುಟ್ಟ ದ್ವೀಪದೇಶಕ್ಕೆ ಹೋಗಿಬಂದೆವು. ಅಲ್ಲಿನ ಸುಂಕದ ಅಧಿಕಾರಿ ಇದ್ರೀಸ್ ನಮ್ಮವರೊಡನೆ ಬೆರೆತು ಕನ್ನಡ ಕಲಿತಿದ್ದ. ನನ್ನ ಮೇಲೆ ಕಾಲಿಡುತ್ತಲೇ ಅವನದು ಒಂದೇ ರಾಗ: "ತಾಂಡೇಲ್ ಕಾಕಾ, ಅಪ್ಪೆಮಿಡಿ ಉಪ್ಪಿನಕಾಯಿ ತಂದ್ರಾ? ಇಲ್ಲದಿದ್ರೆ ನಿಮ್ಮ ಹಡಗು ಜಪ್ತಿ!"

"ಜಪ್ತಿ ಮಾಡಿ ಎಂತ ಮಾಡ್ತೆ ಮಾರಾಯ? ನಿನ್ನ ದೇಶದಾಗೆ ಇದನ್ನ ಇಡೂಕೆ ಜಾಗ ಉಂಟಾ?" ಎಂದು ಜಟ್ಟಪ್ಪ ನಗುತ್ತಿದ್ದ.

ಆಮೇಲೆ ಆ ದ್ವೀಪದ ಎದುರು ದಡದ ನಾಡಿನಲ್ಲಿ ಒಬ್ಬ ಸೇನಾಪತಿ ಬಂದೂಕು ತೋರಿಸಿ ಕುರ್ಚಿ ಹಿಡಿದ. ಜನ ದೋಣಿ ಹತ್ತಿ ಓಡಿಬರತೊಡಗಿದರು. ಅವನಿಗೆ ಯಾರೂ ಎಣ್ಣೆ, ಕಬ್ಬಿಣ, ಯಂತ್ರ ಕೊಡಬಾರದೆಂದು ಲೋಕದ ದೇಶಗಳೆಲ್ಲ ಸೇರಿ ನಿರ್ಬಂಧ ಹಾಕಿದವು. ದೊಡ್ಡ ದೇಶಗಳ ಹಡಗುಗಳು ಹೇಗೆ ಕಾವಲು ಕಾದವೋ ನನಗೆ ಗೊತ್ತಿಲ್ಲ. ಈ ಪುಟ್ಟ ದೇಶಕ್ಕೆ ಇದ್ದದ್ದು ಒಂದು ಕಾವಲು ದೋಣಿ ಮತ್ತು ಇದ್ರೀಸನ ಕೈಯಲ್ಲಿನ ಗೀರು ಹಾಕಿದ ಬಿದಿರುಕೋಲು. ಹೊರಡುವಾಗ ಟ್ಯಾಂಕಿಗೆ ಕೋಲಿಳಿಸಿ ಎಣ್ಣೆ ಅಳೆಯುತ್ತಿದ್ದ, ದಾರಿಯಲ್ಲಿ ಯಾರಿಗಾದರೂ ಕೊಟ್ಟೆವೇ ಎಂದು ಬಂದಾಗ ಮತ್ತೆ ಅಳೆಯುತ್ತಿದ್ದ. ಪೀಪಾಯಿಯನ್ನೂ ಬಿಡುತ್ತಿರಲಿಲ್ಲ.

ಒಂದು ಸಲ ಹೊರಗಿನ ನಡುಗಡ್ಡೆಗಳಿಗೆ ಅಕ್ಕಿ ಇಳಿಸಿ ಮರಳುತ್ತಿದ್ದೆವು. ಎಂಜಿನ್ ನಿಂತ ಒಂದು ದೋಣಿ ತೇಲುತ್ತಿತ್ತು. ಅದರಲ್ಲಿದ್ದ ಗಂಡಸರು ಅಂಗಿ ಬಿಚ್ಚಿ ಬೀಸಿದರು. ಜಟ್ಟಪ್ಪ ಕೇಳಲಿಲ್ಲ, ಕೊಟ್ಟ. ಪೀಪಾಯಿಯ ಭಾರ ಇಳಿದಾಗ ನನಗೂ ಹಿತವೆನಿಸಿತು. ಅದನ್ನು ನೆನೆದರೆ ಈಗಲೂ ನನ್ನ ಹಲಗೆಗಳು ಬಿಗಿಯುತ್ತವೆ.

ಮೂರನೆಯ ದಿನ ಬಂದರು ಕಾಣುತ್ತಲೇ ಎಂಜಿನ್ ನೋಡಿಕೊಳ್ಳುವ ಹಸನ್‌ಸಾಬ ಹತ್ತಿರ ಬಂದ. "ತಾಂಡೇಲರೇ, ಪೀಪಾಯಿ ತೆರೆಗೆ ಬಿದ್ದೋಯ್ತು ಹೇಳಿಬಿಡಿ."

"ಕದ್ದದ್ದಾ ಹಸನಾ? ಕೊಟ್ಟದ್ದು. ಕೊಟ್ಟದ್ದಕ್ಕೆ ಸುಳ್ಳು ಎಂತಕ್ಕೆ?"

ಇದ್ರೀಸನ ಮುಂದೆ ಅವನು ಎದೆಯೆತ್ತಿಯೇ ಹೇಳಿದ. ಇದ್ರೀಸ್ ಉಪ್ಪಿನಕಾಯಿ ಕೇಳಲಿಲ್ಲ. ಪೀಪಾಯಿ ಇಡುತ್ತಿದ್ದ ಜಾಗಕ್ಕೆ ಹೋಗಿ ಬಗ್ಗಿ ನೋಡಿದ.

"ಕಾಕಾ, ಅದ್ರ ಮೇಲೆ ಬಿಳಿ ಮೀನು ಇತ್ತಲ್ಲ?"

"ಇತ್ತು. ನಾನೇ ಬರ್ದದ್ದು."

"ನಿನ್ನೆ ಆ ಕಡೆಯಿಂದ ಎರಡು ದೋಣಿ ಜನ ಹೊರಟಿದ್ರು. ಒಂದೇ ಬಂತು. ಇನ್ನೊಂದನ್ನ ಸೇನಾಪತಿಯ ಸಿಪಾಯಿಗಳು ಅಡ್ಡಹಾಕಿ ಎಳ್ಕೊಂಡು ಹೋದ್ರಂತೆ. ಸಿಪಾಯಿಗಳದ್ದು ಮಾಮೂಲಿ ಬಟ್ಟೆ, ಮಾಮೂಲಿ ದೋಣಿ. ಅದ್ರಲ್ಲಿ ಬಿಳಿ ಮೀನು ಬರೆದ ಒಂದು ನೀಲಿ ಪೀಪಾಯಿ ಇತ್ತು ಅಂತ ಬಂದವರು ಹೇಳಿದ್ರು."

ಜಟ್ಟಪ್ಪ ನನ್ನ ಅಂಚು ಹಿಡಿದುಕೊಂಡ. ಅವನ ಕೈ ಅಷ್ಟು ತಣ್ಣಗಾದದ್ದು ನನಗೆ ಎಂದೂ ನೆನಪಿಲ್ಲ.

ಅವನು ಬೇಕೆಂದು ಮಾಡಿಲ್ಲವೆಂದು ಎಲ್ಲರೂ ಒಪ್ಪಿದರು. ಅವನಿಗೆ ಸೆರೆಮನೆ ತಪ್ಪಿತು. ಆದರೆ ನಿರ್ಬಂಧ ಮುರಿದ ಹಡಗು ಮತ್ತೆ ತೇಲಬಾರದು. ಮಾರಿದರೆ ಕಳ್ಳಸಾಗಣೆಯವರೇ ಕೊಳ್ಳುತ್ತಾರೆ. ಅದಕ್ಕೇ ದಡಕ್ಕೆ ಎಳೆದು ತಳ ಕೊರೆಯುವುದು ಆ ದೇಶದ ಕ್ರಮ. "ನಿಮಗೊಬ್ಬರಿಗೆ ಬಿಟ್ರೆ ನಾಳೆ ಯಾರನ್ನೂ ಹಿಡಿಯೋಕಾಗಲ್ಲ ಕಾಕಾ" ಎಂದ ಇದ್ರೀಸ್. 

ಬೈರಿಗೆ ಹಿಡಿದು ಕೆಲಸದವನೊಬ್ಬ ಬಂದಾಗ ಜಟ್ಟಪ್ಪ ಅದನ್ನು ಕಸಿದುಕೊಂಡ.

"ನಾನೇ ಕೊರಿತೆ. ಇವಳ ಎಲುಬು ಎಲ್ಲುಂಟು ಅಂತ ಇವನಿಗೆ ಗೊತ್ತಿಲ್ಲ. ನೋಯ್ತದೆ."

ಅವನು ಮಂಡಿಯೂರಿ ಕೊರೆದ. ಒಂದು ತೊಲೆಗೂ ತಾಗಿಸಲಿಲ್ಲ. ಕೊನೆಗೆ ಹುಟ್ಟಿದ ದಿನದಂತೆ ನನ್ನ ಮೂತಿಗೆ ಕೆನ್ನೆ ಒತ್ತಿದ. "ಕೇಳ್ಬೇಕಿತ್ತು ಕಣೆ" ಎಂದ. ಅಷ್ಟೇ. ಅವನನ್ನು ಬೇರೆ ಹಡಗಿನಲ್ಲಿ ಊರಿಗೆ ಕಳಿಸಿದರು.

ಓಡಿಬಂದವರ ಡೇರೆಗಳು ನನ್ನ ಪಕ್ಕದಲ್ಲೇ ಇವೆ. ಬಂದ ದೋಣಿಯಲ್ಲಿದ್ದ ಒಬ್ಬ ಹೆಂಗಸು ದಿನವೂ ನನ್ನ ನೆರಳಿಗೆ ಬರುತ್ತಾಳೆ. ಅವಳ ಗಂಡ ಸಿಪಾಯಿಗಳು ಎಳೆದೊಯ್ದ ಇನ್ನೊಂದು ದೋಣಿಯಲ್ಲಿದ್ದ. ಅವಳು ಕಡಲು ನೋಡುತ್ತ ಕೂರುತ್ತಾಳೆ, ಏಳುವಾಗ ಒಲೆಗೆಂದು ಸಡಿಲವಾದ ಹಲಗೆಯೊಂದನ್ನು ಕಿತ್ತುಕೊಳ್ಳುತ್ತಾಳೆ. ನಾನು ಯಾರ ಹಡಗು ಎಂದು ಅವಳಿಗೆ ಗೊತ್ತಿಲ್ಲ.

ಅವಳು ಎಳೆದಾಗ ನಾನು ಮೊಳೆಗಳನ್ನು ಆದಷ್ಟು ಬೇಗ ಬಿಟ್ಟುಕೊಡುತ್ತೇನೆ.