ಹಳದಿ ಚೀಲದ ಹಿಂದೆ

ಹಳದಿ, ಮತ್ತೆ ಹಳದಿ, ಮಂಜಿನೊಳಗೆ ಮೇಲೆ ಕೆಳಗೆ ಕುಣಿಯುವ ಬೆರಿಲ್‌ಳ ಬೆನ್ನುಚೀಲ, ಮಳೆಗೆಂದು ಅದಕ್ಕೆ ತೊಡಿಸಿದ ಆ ಹಳದಿ ಗವಸು ಬಿಟ್ಟರೆ ಲೋಕದಲ್ಲಿ ಬೇರೇನೂ ಉಳಿದಿಲ್ಲ, ಥೆಲ್ಮಾ ಒದ್ದೆ ಬೆರಳಿನಿಂದ ಕನ್ನಡಕ ಒರೆಸಿಕೊಂಡಳು, ಇನ್ನಷ್ಟು ಮಸುಕಾಯಿತು, ಹಾಳಾಗಿ ಹೋಗಲಿ, ಹಳದಿ ಕಂಡರೆ ಸಾಕು. ಎಡಗಾಲು, ಕೋಲು, ಬಲಗಾಲು, ಕೋಲು. ಬಲ ಸೊಂಟದಲ್ಲಿ ಡಾಕ್ಟರು ಕೂರಿಸಿದ ಹೊಸ ಕೀಲು, ಹನ್ನೊಂದು ತಿಂಗಳ ಕೂಸು, ಸದ್ಯ ಅಳುತ್ತಿಲ್ಲ. ಬೆಳಿಗ್ಗೆ ಚರ್ಚಿನ ಪಕ್ಕ ಬೂಟಿನ ದಾರ ಬಿಗಿಯುವಾಗಲೇ ಬೆರಿಲ್ ಹೇಳಿಬಿಟ್ಟಳು, ಅವಳೇ ಬುಧವಾರದ ನಡಿಗೆ ಸಂಘದ ಕಾರ್ಯದರ್ಶಿ, ಕೊರಳಲ್ಲಿ ನಕ್ಷೆ, ನಕ್ಷೆಯ ಪಕ್ಕ ಸೀಟಿ, ನೋಡು ಥೆಲ್ಮಾ, ಬೇಜಾರು ಮಾಡ್ಕೋಬೇಡ, ಇವತ್ತು ಹ್ಯಾಗ್‌ಶಾ ಗುಡ್ಡ ನಮ್ಮ ಜೊತೆ ಹತ್ತಿ ಇಳಿದ್ರೆ ಸರಿ, ಆಗದಿದ್ರೆ ಮುಂದಿನ ವಾರದಿಂದ ನೀನು ಕಾಲುವೆ ಗುಂಪು, ಸಮಿತೀಲಿ ಎಲ್ರೂ ಒಪ್ಪಿದಾರೆ. ಎಲ್ಲರೂ ಅಂದರೆ ಬೆರಿಲ್ ಮತ್ತು ಅವಳ ಗಂಡ. ಕಾಲುವೆ ಗುಂಪು! ಎರಡು ಮೈಲಿ ಸಪಾಟು ದಂಡೆ, ಬಾತುಕೋಳಿಗೆ ಬಟಾಣಿ, ಆಮೇಲೆ ಕೇಕಿನ ಅಂಗಡಿಯಲ್ಲಿ ಎರಡು ಗಂಟೆ ಕೂತು ಯಾರ ಕಣ್ಣಿಗೆ ಪೊರೆ ಬಂತು, ಯಾರು ರಾತ್ರಿ ಎಷ್ಟು ಸಲ ಎದ್ದರು — ಮೂವತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳ ಆಲೂಗಡ್ಡೆಯ ಹಂಡೆ ಎತ್ತಿದವಳು ಬಾತುಕೋಳಿಗೆ ಬಟಾಣಿ ಹಾಕಬೇಕೆ, ಇಲ್ಲ, ಎಡಗಾಲು, ಕೋಲು.

ಹಿಂದೆ ಡೆಸ್ಮಂಡನ ಉಸಿರು, ತೂತು ಬಿದ್ದ ಹಾರ್ಮೋನಿಯಂ. ಇವತ್ತು ಅವನು ಬಾಲ, ಸಾಲಿನ ಕೊನೆಗೆ ನಡೆಯುವವನು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವವನು, ಸಂಘದ ನಿಯಮದ ಪುಸ್ತಕದಲ್ಲಿದೆ, ಬಾಲವಾದವನು ಮುಂದಿನವರನ್ನು ದಾಟುವಂತಿಲ್ಲ. ಬಾಲಕ್ಕೆ ಅಂಟಿಕೊಂಡು ನಡೆಯುವವರು ಯಾವತ್ತೂ ಎಲ್ಲರಿಗಿಂತ ನಿಧಾನದವರು, ಹೋದ ವರ್ಷದ ತನಕ ಅದು ಥೆಲ್ಮಾ ಆಗಿರಲಿಲ್ಲ. ಗುಡ್ಡ ಎಲ್ಲೂ ಓಡಿಹೋಗಲ್ಲ ಮಾರಾಯ್ತಿ, ನಿಧಾನ ಅಂತಾನೆ, ಅವನಿಗೇ ಉಸಿರು ಬೇಕಾಗಿದೆ, ಗೊತ್ತು, ಆದರೂ ಕೇಳಲು ಹಿತ. ತುದಿ ಬಂತು, ಸರ್ವೆಯವರ ಸಿಮೆಂಟಿನ ಕಂಬ, ಪಕ್ಕದಲ್ಲಿ ಗಾಳಿಗೆ ಅಡ್ಡ ಕಟ್ಟಿದ ಕಲ್ಲುಗೋಡೆ, ಅದರ ಮರೆಯಲ್ಲಿ ಆಗಲೇ ಇನ್ಯಾವುದೋ ಸಂಘದವರು ಕೂತಿದ್ದಾರೆ, ಒದ್ದೆ ಟೊಪ್ಪಿಗಳ ಸಾಲು, ಸ್ವಲ್ಪ ಜರುಗ್ತೀರಾ, ಅಯ್ಯೋ ಬನ್ನಿ ಬನ್ನಿ, ನಿನ್ನೆಗಿಂತ ವಾಸಿ ಅಲ್ವಾ ಹವಾ, ಹೌದು ಹೌದು ಎಷ್ಟೋ ವಾಸಿ — ನಿನ್ನೆಯೂ ಇದೇ ಮಳೆ, ಮೊನ್ನೆಯೂ ಇದೇ ಮಳೆ. ಚೀಸು ಹಚ್ಚಿದ ಬ್ರೆಡ್ಡು ಕೈಯಲ್ಲೇ ನೆನೆದು ಮುದ್ದೆ, ಲೋಟದ ಚಹಾಕ್ಕೆ ಮಳೆ ಬಿದ್ದು ಕುಡಿದಷ್ಟೂ ಮುಗಿಯದು, ಅವಳಿಗೆ ನಗು ಬಂತು, ಮನೆಯಲ್ಲಿ ಬೆಂಕಿಯ ಮುಂದೆ ಕೂತವರಿಗೆ ಈ ಸುಖ ಎಲ್ಲಿ. ಸೀಟಿ. ಎಲ್ಲರೂ ಏಳುತ್ತಿದ್ದಾರೆ, ಟೊಪ್ಪಿಗಳು ಒಂದರೊಳಗೊಂದು ಕಲಸಿ ಹೋದವು, ಕನ್ನಡಕಕ್ಕೆ ಚಹಾದ ಹಬೆ, ಎಲ್ಲಿ, ಎಲ್ಲಿ, ಅಲ್ಲಿ — ಹಳದಿ.

ಏನು ಜೋರು ಇವತ್ತು ಬೆರಿಲ್‌ಳದು, ಇಳಿಜಾರಿನಲ್ಲಿ ಕುರಿಮರಿಯ ಹಾಗೆ ನೆಗೆಯುತ್ತಾಳೆ, ನನ್ನನ್ನು ಸೋಲಿಸಲಿಕ್ಕೇ, ಆಯಿತು ನೋಡೇ ಬಿಡೋಣ, ಕೋಲು, ಕಾಲು, ಕೆಸರು, ಕೂಸು ಅಳುತ್ತಿಲ್ಲ, ನಿಜವಾಗಿ ಅಳುತ್ತಿಲ್ಲ! ಪಕ್ಕದ ನೀಲಿ ಟೊಪ್ಪಿಯ ಹುಡುಗಿ ಪುದೀನ ಮಿಠಾಯಿ ಚಾಚಿದಳು, ತಗೊಳ್ಳಿ, ಚೆನ್ನಾಗಿ ನಡೀತೀರಾ ನೀವು. ಯಾರಿವಳು, ಹೊಸ ಸದಸ್ಯೆ ಇರಬೇಕು, ಒಂದು ವರ್ಷ ಬಾರದ ನಾನು ನೀನ್ಯಾರು ಅಂತ ಕೇಳಿದರೆ ಅವಳಿಗೇನು ಅನಿಸೀತು, ಥ್ಯಾಂಕ್ಸ್ ಕಣಮ್ಮ ಅಂದು ಬಾಯಿಗೆ ಹಾಕಿಕೊಂಡಳು. ಗೋಡೆ ದಾಟುವ ಕಲ್ಲುಮೆಟ್ಟಿಲ ಬಳಿ ಗಡ್ಡದವನೊಬ್ಬ ತಲೆ ಎಣಿಸುತ್ತಿದ್ದ, ಹದಿನೇಳು, ಹದಿನೈದು ಇರಬೇಕಿತ್ತು, ಹೋಗ್ಲಿ ಬಿಡಿ, ಕಮ್ಮಿ ಆದ್ರೆ ತಾನೇ ತಲೆಬಿಸಿ. ಎಲ್ಲರೂ ನಕ್ಕರು, ಥೆಲ್ಮಾಳೂ ನಕ್ಕಳು. ಮಂಜಿನಿಂದ ಕೆಳಗೆ ಇಳಿದರು, ಹೊಳೆ, ಹೊಳೆಗೆ ಸೇತುವೆ — ನಮ್ಮ ದಾರಿಯಲ್ಲಿ ಸೇತುವೆ ಎಲ್ಲಿತ್ತು? ಹಳದಿ ಚೀಲ ತಿರುಗಿತು. ಮೂಗಿಗೆ ಉಂಗುರ, ಇಪ್ಪತ್ತೈದರ ಮುಖ, ಬೆರಿಲ್ ಅಲ್ಲ, ಯಾವ ದಿಕ್ಕಿನಿಂದ ನೋಡಿದರೂ ಬೆರಿಲ್ ಅಲ್ಲ. ಡೆಸ್ಮಂಡ್, ಇವ್ರು ನಮ್ಮವರಲ್ಲ. ಗೊತ್ತು, ಅಂದ ಅವನು, ಕೋಲಿಗೆ ಒರಗಿ. ಯಾವಾಗಿಂದ ಗೊತ್ತು? ಕಲ್ಲುಮೆಟ್ಟಿಲಿಂದ. ಮತ್ತೆ ಹೇಳೋದಲ್ವಾ! ಬಾಲ ಮುಂದಿನವ್ರನ್ನ ದಾಟೋ ಹಾಗಿಲ್ವಲ್ಲ ಥೆಲ್ಮಾ, ಕೂಗೋಣ ಅಂದ್ರೆ ಉಸಿರಿಲ್ಲ, ಅಲ್ದೆ ನೀನು ಓಡ್ತಾ ಇದ್ದೆ ಮಾರಾಯ್ತಿ, ಅವರೆಲ್ಲರ ಎದುರಿಗೆ ಹೇಗೆ ಹೇಳಲಿ.

ಕೆಳಗಿನ ಹಳ್ಳಿಯಿಂದ ಬಸ್ಸಿದೆ ಅಂದಳು ಮೂಗುಂಗುರದವಳು, ಗುಡ್ಡ ಸುತ್ತಿ ಐದಕ್ಕೆ ನಿಮ್ಮ ಕಡೆ ತಲುಪತ್ತೆ, ಅಲ್ಲಿ ತನಕ ನಮ್ಮ ಜೊತೆ ಪಬ್ಬಿಗೆ ಬನ್ನಿ, ಬಿಸಿ ಚಿಪ್ಸ್. ಚಿಪ್ಸ್ ಅಂದ ಕೂಡಲೇ ಡೆಸ್ಮಂಡನ ಮುಖ ಅರಳಿದ್ದು ನೋಡಬೇಕಿತ್ತು. ಬಸ್ಸು ಅಂದರೆ ಕಾಲುವೆ, ಬಸ್ಸು ಅಂದರೆ ಬಟಾಣಿ. ಫೋನಿಗೆ ಸಿಗ್ನಲ್ಲಿಲ್ಲ, ಬೆರಿಲ್ ಎಣಿಸಿರುತ್ತಾಳೆ, ಹನ್ನೆರಡರಲ್ಲಿ ಎರಡು ಕಡಿಮೆ, ಹುಡುಕಲು ಮೇಲೆ ಬಂದೇ ಬರುತ್ತಾಳೆ, ಅವಳ ಬುದ್ಧಿ ಎಷ್ಟು ಕೆಟ್ಟದ್ದೋ ಅಷ್ಟೇ ಒಳ್ಳೆಯದು. ಗೋಡೆ ಹಿಡಿದು ಹೋದರೆ ತುದಿ ತಪ್ಪುವುದಿಲ್ಲ. ನಡಿ ಡೆಸ್ಮಂಡ್. ಮತ್ತೆ ಹತ್ತೋದಾ? ಬಾಲ ಸುಮ್ಮನೆ ಹಿಂದೆ ಬರ್ಬೇಕು. ಎಡಗಾಲು, ಕೋಲು, ಒದ್ದೆ ಕಲ್ಲು, ಕುರಿಯೊಂದು ನೋಡಿ ಕೆಮ್ಮಿತು, ಸೊಂಟ ಈಗ ಅಳುತ್ತದೆ, ಅಳಲಿ, ಹಂಡೆ ಎತ್ತಿದ ಮೊದಲ ವರ್ಷವೂ ಅತ್ತಿತ್ತು, ಮಧ್ಯೆ ಎರಡು ಸಲ ಕೂತಳು, ಎರಡು ಸಲವೂ ಡೆಸ್ಮಂಡ್‌ಗೋಸ್ಕರ ಅಂದಳು, ಕಂಬ ಬಂತು, ಕಂಬದ ಬುಡದಲ್ಲಿ ಹಳದಿ. ಈ ಸಲ ನಿಜವಾದದ್ದು. ಎಲ್ಲಿ ಹಾಳಾಗಿ ಹೋಗಿದ್ರಿ ನೀವಿಬ್ರೂ! ಬೆರಿಲ್ ತೊಯ್ದು ತೊಪ್ಪೆ, ತುಟಿ ನೀಲಿ, ಎಲ್ರನ್ನೂ ನಮ್ಮ ಯಜಮಾನ್ರ ಜೊತೆ ಕೆಳಗೆ ಕಳಿಸಿ ಒಬ್ಳೇ ವಾಪಸ್ ಹತ್ತಿದೀನಿ, ಸೀಟಿ ಊದಿ ಊದಿ ಪ್ರಾಣ ಹೋಯ್ತು. ಆ ಕಡೆ ಸೇತುವೆ ತನಕ ಹೋಗಿದ್ವಿ, ಅಂದಳು ಥೆಲ್ಮಾ. ಸೇತುವೆ? ಅಲ್ಲಿಂದ ಹತ್ತಿ ಬಂದ್ಯಾ? ಕಾಲುವೆ — ಅಂತ ಶುರುಮಾಡಿದ ಬೆರಿಲ್ ಅಲ್ಲೇ ನಿಲ್ಲಿಸಿದಳು. ಎದ್ದಳು, ಮಂಡಿ ಹಿಡಿದುಕೊಂಡು ಮತ್ತೆ ಕೂತಳು, ಥೆಲ್ಮಾ ತನ್ನೆರಡು ಕೋಲಿನಲ್ಲಿ ಒಂದನ್ನು ಕೊಟ್ಟಳು, ಕಾಲುವೆಯ ಮಾತೆತ್ತಲು ನಾಲಿಗೆ ಎಷ್ಟು ತುರಿಸಿತೋ. ಇಳಿಯತೊಡಗಿದರು. ಮುಂದೆ ಬರೀ ಬಿಳಿ ಮಂಜು, ದಾರಿ ಕಾಲಿಗೆ ಗೊತ್ತು, ಡೆಸ್ಮಂಡನ ಹಾರ್ಮೋನಿಯಂ ದೂರದಲ್ಲಿ, ನಿಧಾನ ಮಾರಾಯ್ತಿ, ಗುಡ್ಡ ಎಲ್ಲೂ ಓಡಿಹೋಗಲ್ಲ — ಯಾರಿಗೆ ಹೇಳ್ತಿದ್ದಾನೆ, ನನಗಲ್ಲ, ಅವನ ಮುಂದಿರುವವಳಿಗೆ, ಬಾಲಕ್ಕೆ ಅಂಟಿಕೊಂಡವಳಿಗೆ. ಥೆಲ್ಮಾ ನಿಂತು ತಿರುಗಿ ಕನ್ನಡಕ ಒರೆಸಿಕೊಂಡಳು. ಮೇಲೆ, ಹಿಂದೆ, ಬಹಳ ಹಿಂದೆ, ಕುಂಟುತ್ತ ಇಳಿಯುವ ಒಂದು ಚುಕ್ಕೆ, ಹಳದಿ.