ಹೆಸರು ಹೇಳದ ಪರಿಶೀಲಕ

ತ್ರ್ಯಂಬಕ ಕುಮಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಧಾರವಾಡದಲ್ಲಿ ಪಿಎಚ್.ಡಿ. ಮುಗಿಸಿ ಬಂದಮೇಲೆ ಅವನ ಎರಡು ಲೇಖನಗಳು ಅಚ್ಚಾಗಿದ್ದವು. ಆಮೇಲೆ ಕಳಿಸಿದ್ದೆಲ್ಲ ಒಂದಲ್ಲ ಒಂದು ಕಾರಣಕ್ಕೆ ವಾಪಸು ಬಂತು. ಕೊನೆಗೆ ಕಳಿಸುವುದನ್ನೇ ಬಿಟ್ಟ. ಸ್ಟಾಫ್ ರೂಮಿನಲ್ಲಿ ಆ ಮಾತು ಬಂದಾಗ, "ಈಗೆಲ್ಲ ದುಡ್ಡು ಕೊಟ್ರೆ ಯಾರದ್ದೂ ಅಚ್ಚಾಗ್ತದೆ ಮಾರಾಯ್ರೆ, ಅದ್ರಲ್ಲಿ ಎಂತ ಉಂಟು?" ಎಂದು ನಕ್ಕುಬಿಡುತ್ತಿದ್ದ.

ಅವನ ಹೆಂಡತಿ ಶ್ರೀಗೌರಿ ಮದುವೆಯಾಗುವಾಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಓದು ಅಲ್ಲಿಗೇ ನಿಂತಿತ್ತು. ಮೂವತ್ತಮೂರನೇ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಸೇರುತ್ತೇನೆ ಎಂದಾಗ ಎಲ್ಲರಿಗಿಂತ ಮೊದಲು ಒಪ್ಪಿದವನು ತ್ರ್ಯಂಬಕನೇ. ಹೊನ್ನಾವರದ ಕಾಲೇಜಿಗೆ ಅರ್ಜಿ ತಂದುಕೊಟ್ಟ. ತನ್ನ ಕಾಲೇಜಿನಲ್ಲಿ ಬೇಡ, ಗಂಡನ ಕ್ಲಾಸಿನಲ್ಲಿ ಹೆಂಡತಿ ಕೂತರೆ ಇಬ್ಬರಿಗೂ ಮುಜುಗರ ಎಂದ. ಅವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗಿ, ತನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಕೂತು, ಸಂಜೆ ಬರುತ್ತಿದ್ದಳು. ಅವಳಿಗೆ ಅರ್ಥವಾಗದ ಪಾಠವನ್ನು ಅವನು ಊಟದ ಮೇಜಿನ ಮೇಲೆ ಬಿಡಿಸಿ ಹೇಳುತ್ತಿದ್ದ. ಆ ಎರಡು ವರ್ಷ ಅವನಿಗೆ ತುಂಬ ಹಿತವಾಗಿತ್ತು.

ಕೊನೆಯ ವರ್ಷ ಅವಳು ಪ್ರಾಜೆಕ್ಟಿಗೆಂದು ಶರಾವತಿಯ ಅಳಿವೆಯ ಬಳಚನ್ನು ಹಿಡಿದುಕೊಂಡಳು. ನದಿಯ ಕೆಸರಿನಲ್ಲಿ ಸಿಗುವ, ಹೊನ್ನಾವರದ ಪೇಟೆಯಲ್ಲಿ ರಾಶಿ ಹಾಕಿ ಮಾರುವ ಚಿಪ್ಪಿನ ಜೀವಿ ಅದು. ನೀರಿನ ಉಪ್ಪು ಹೆಚ್ಚುಕಡಿಮೆಯಾದಂತೆ ಬಳಚಿನ ಬೆಳವಣಿಗೆ ಹೇಗೆ ಬದಲಾಗುತ್ತದೆ ಎಂದು ನೋಡುವುದು ಅವಳ ಕೆಲಸ. ತ್ರ್ಯಂಬಕನ ತಾಯಿ ಮೂಕಾಂಬಿಕಾ ಇದನ್ನು ಕೇಳಿ ಮೂಗು ಮುಚ್ಚಿಕೊಂಡಿದ್ದರು. "ನಮ್ಮ ಮನೆ ಸೊಸೆ ಹೋಗಿ ಹೋಗಿ ಬಳಚು ಹೆರಕದಾ? ಹೂವು ಕಾಯಿ ಎಂತದೂ ಇತ್ತಿಲ್ಯನೆ?" ಆದರೂ ಭಾನುವಾರಗಳಲ್ಲಿ ಸೊಸೆ ಅಳಿವೆಯ ಆಚೆ ದಡದ ಕಾಸರಕೋಡಿಗೆ ಹೊರಟರೆ ಬುತ್ತಿ ಕಟ್ಟಿಕೊಡುತ್ತಿದ್ದರು.

ಪ್ರಾಜೆಕ್ಟು ಮುಗಿಯುವ ಹೊತ್ತಿಗೆ ಅವಳ ಮಾರ್ಗದರ್ಶಕ ಮೋಹನ ಸರ್ ಒಂದು ಮಾತು ಹೇಳಿದರು. ಪದವಿ ವಿದ್ಯಾರ್ಥಿಗಳ ಸಂಶೋಧನೆಗೆಂದೇ ಇರುವ ಒಂದು ಪತ್ರಿಕೆಯಿದೆ, ಇದನ್ನು ಲೇಖನ ಮಾಡಿ ಕಳಿಸಿ, ಅಚ್ಚಾಗುವ ಯೋಗ್ಯತೆ ಇದಕ್ಕಿದೆ. ಅವಳು ಅದನ್ನು ಮನೆಗೆ ಬಂದು ಹೇಳಿದ ರೀತಿಯಲ್ಲೇ ತ್ರ್ಯಂಬಕನಿಗೆ ಎಲ್ಲೋ ಚುಚ್ಚಿತು. ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಅಂಥ ಸುದ್ದಿಯನ್ನು ಅವನು ಈ ಮನೆಗೆ ತಂದು ಎಷ್ಟೋ ವರ್ಷವಾಗಿತ್ತು.

"ಬರದು ಕೊಟ್ರೆ ಒಂಚೂರು ನೋಡ್ತ್ರಾ?" ಎಂದು ಕೇಳಿದಳು.

"ಇಡು, ನೋಡ್ತೆ," ಎಂದ.

ಲೇಖನದ ಕರಡು ಅವನ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅವಳು ಎರಡು ಸಲ ನೆನಪು ಮಾಡಿದಳು. ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದ. ಮೂರನೇ ಸಲ ಅವಳು ಕೇಳಲಿಲ್ಲ. ಕರಡನ್ನು ತೆಗೆದುಕೊಂಡು ಹೋಗಿ ಮೋಹನ ಸರ್‌ಗೆ ತೋರಿಸಿ, ತಿದ್ದಿಸಿಕೊಂಡು, ಕಳಿಸಿಯೂ ಬಿಟ್ಟಳು. ಅದು ಗೊತ್ತಾದಾಗ ತ್ರ್ಯಂಬಕನಿಗೆ ಸಿಟ್ಟು ಬಂತು. ಓದದೆ ಇಟ್ಟುಕೊಂಡವನು ತಾನೇ ಎಂಬುದು ಆ ಸಿಟ್ಟಿಗೆ ಅಡ್ಡಿಯಾಗಲಿಲ್ಲ.

ಆಮೇಲೆ ಸಣ್ಣ ಸಣ್ಣ ಸಂಗತಿಗಳೂ ಅವನನ್ನು ಉರಿಸತೊಡಗಿದವು. ಮೋಹನ ಸರ್ ಮನೆಗೆ ಫೋನ್ ಮಾಡಿ ಅವನ ಜೊತೆ ಹವೆಯ ಬಗ್ಗೆ ನಾಲ್ಕು ಮಾತಾಡಿ, "ಮೇಡಂ ಇದ್ದಾರಾ?" ಎಂದು ಕೇಳುವುದು. ಸಹೋದ್ಯೋಗಿ ಶ್ರೀಧರ ಚಹಾ ಕುಡಿಯುತ್ತ, "ನಿಮ್ಮ ಮನೆಯವ್ರ ಪೇಪರ್ ಎಂತಾತು?" ಎನ್ನುವುದು. ಶ್ರೀಗೌರಿ ಅಡುಗೆ ಮಾಡುತ್ತ ಹಾಡು ಗುನುಗುವುದು. ಇದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರನ್ನು ಅವನು ಕೊಡಲಿಲ್ಲ. ಇಷ್ಟು ಬೇಗ ಅಚ್ಚಾದರೆ ಅವಳಿಗೇ ಒಳ್ಳೆಯದಲ್ಲ, ಇನ್ನೂ ಪಕ್ವವಾಗಬೇಕು ಎಂದು ಅಂದುಕೊಂಡ.

ಜನವರಿಯಲ್ಲಿ ಅವನಿಗೊಂದು ಮೇಲ್ ಬಂತು. ಹಿಂದೆ ಯಾವಾಗಲೋ, ಬಯೋಡಾಟದಲ್ಲಿ ಬರೆದುಕೊಳ್ಳಲು ಆಗುತ್ತದೆಂದು, ಒಂದೆರಡು ಪತ್ರಿಕೆಗಳಿಗೆ ಪರಿಶೀಲಕನಾಗಿ ಹೆಸರು ಕೊಟ್ಟಿದ್ದ. ಲೇಖಕರು ಯಾರೆಂದು ಪರಿಶೀಲಕನಿಗೆ ಹೇಳುವುದಿಲ್ಲ. ಪರಿಶೀಲಿಸಿದವರು ಯಾರೆಂದು ಲೇಖಕರಿಗೂ ಹೇಳುವುದಿಲ್ಲ. ಒಳ್ಳೆಯದು ಕೆಟ್ಟದ್ದು ಬರೆದು ಕಳಿಸಿದರೆ ಸಂಪಾದಕರು ತೀರ್ಮಾನ ಮಾಡುತ್ತಾರೆ. ಆ ಮೇಲ್‌ನಲ್ಲಿ ಲೇಖನದ ಶೀರ್ಷಿಕೆ ಇತ್ತು: ಶರಾವತಿ ಅಳಿವೆಯಲ್ಲಿ ಬಳಚಿನ ಬೆಳವಣಿಗೆ. ನಿಮಗೆ ಲೇಖಕರ ಪರಿಚಯವಿದೆಯೇ, ಸಂಬಂಧವಿದೆಯೇ ಎಂದು ಕೆಳಗೆ ಕೇಳಿತ್ತು. ಇಲ್ಲ ಎಂದು ಒತ್ತಿದ.

ಕಾಲೇಜಿನ ಲ್ಯಾಬಿನಲ್ಲಿ ಕೂತು ಓದಿದ. ಮನೆಯಲ್ಲಿ ತಿರುವಿಯೂ ನೋಡದಿದ್ದ ಬರಹವನ್ನು ಈಗ ಒಂದೊಂದೇ ಸಾಲು ಬೆರಳಿಟ್ಟು ಓದಿದ. ಚೆನ್ನಾಗಿತ್ತು. ಇಂಗ್ಲಿಷು ಅಲ್ಲಲ್ಲಿ ತಡವರಿಸುತ್ತಿತ್ತು, ಲೆಕ್ಕಾಚಾರ ಸ್ವಲ್ಪ ಸಪ್ಪೆ, ಆದರೆ ಕೆಲಸ ಗಟ್ಟಿ. ಇವಳು ನೋಡಿದ್ದನ್ನೇ ಬರೆದಿದ್ದಾಳೆ, ನೋಡದ್ದನ್ನು ಬರೆದಿಲ್ಲ. ತನ್ನ ಪ್ರಬಂಧದಲ್ಲಿ ಎಷ್ಟು ಕಡೆ ಬೇರೆಯವರ ಮಾತನ್ನು ಹೊಲಿದು ಹಾಕಿದ್ದೆ ಎಂಬುದು ಅವನಿಗೆ ನೆನಪಾಯಿತು. ಆ ನೆನಪೇ ಅವನನ್ನು ಕೆರಳಿಸಿತು.

ವರದಿ ಉದ್ದವಾಯಿತು. ಲೇಖಕರ ಸಂಖ್ಯಾಶಾಸ್ತ್ರದ ತಿಳಿವಳಿಕೆ ಬಾಲಿಶ. ಭಾಷೆ ಕಳಪೆ. ಮಾದರಿ ತೆಗೆದ ಮೂರು ಜಾಗಗಳು ಸಾಲವು. ಒಂದೆರಡು ಮಾತು ನ್ಯಾಯವಾದದ್ದು, ಉಳಿದದ್ದು ಹುಡುಕಿ ಹುಡುಕಿ ತೆಗೆದದ್ದು. ಬರೆಯುವ ಬಿಸಿಯಲ್ಲಿ ಇನ್ನೊಂದನ್ನೂ ಸೇರಿಸಿದ: ಸೆಪ್ಟೆಂಬರಿನಲ್ಲಿ ನಿಗದಿಯಾದ ವಾರ ಮಾದರಿ ಸಂಗ್ರಹಿಸದೆ ಮುಂದಿನ ವಾರ ಸಂಗ್ರಹಿಸಿದ್ದು ಶಿಸ್ತಿನ ಕೊರತೆ. ಕಳಿಸಿದಮೇಲೆ ಅವನಿಗೆ ಒಂದು ಬಗೆಯ ನಿರಾಳವಾಯಿತು. ಅಂದು ಸಂಜೆ ಮನೆಗೆ ಹೋಗುವಾಗ ಹೆಂಡತಿಗೆ ಮಲ್ಲಿಗೆ ದಂಡೆ ಒಯ್ದ.

ಕೆಲವು ವಾರಗಳ ನಂತರ ಅವಳು ಜಗುಲಿಯಲ್ಲಿ ಕೂತು ಫೋನಿನಲ್ಲಿ ಆ ವರದಿಯನ್ನು ಓದುತ್ತಿದ್ದಳು. ಇಬ್ಬರು ಪರಿಶೀಲಕರು. ಒಬ್ಬರು ಹೊಗಳಿದ್ದರು. ಇನ್ನೊಬ್ಬರ ಮಾತನ್ನು ಅತ್ತೆಗೆ ಕನ್ನಡ ಮಾಡಿ ಹೇಳಿದಳು. ತ್ರ್ಯಂಬಕ ದಿನಪತ್ರಿಕೆ ಅಡ್ಡ ಹಿಡಿದು ಕೇಳುತ್ತಿದ್ದ.

"ಆರೋ ಹೊಟ್ಟೆಕಿಚ್ಚಿನವ ಬರದ್ದಾಗಿಕ್ಕು," ಎಂದರು ಮೂಕಾಂಬಿಕಾ. "ಹೌದನಾ ತಮಾ?"

"ಹಂಗೆಲ್ಲ ಇರ್ತಿಲ್ಲೆ ಅಮ್ಮಾ. ಅದು ಪದ್ಧತಿ," ಎಂದ ತ್ರ್ಯಂಬಕ.

ಶ್ರೀಗೌರಿ ಇನ್ನೂ ಓದುತ್ತಿದ್ದಳು. ಒಂದು ಕಡೆ ಬಂದು ನಿಂತಳು. ಅದನ್ನು ಅತ್ತೆಗೆ ಕನ್ನಡ ಮಾಡಲಿಲ್ಲ. ಫೋನು ಕೆಳಗಿಟ್ಟು, "ಹಾಲು ಕಾಸಕ್ಕು," ಎಂದು ಒಳಗೆ ಹೋದಳು.

ಅಳುತ್ತಾಳೆ, ಬಿಟ್ಟುಬಿಡುತ್ತಾಳೆ, ಆಗ ತಾನು ಸಮಾಧಾನ ಮಾಡಬಹುದು ಎಂದು ಅವನು ಎಣಿಸಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಸಂಖ್ಯಾಶಾಸ್ತ್ರದ ಪುಸ್ತಕ ತಂದಳು. ಕಾಲೇಜು ಮುಗಿದಮೇಲೆ ಮೋಹನ ಸರ್ ಹತ್ತಿರ ಕೂತು ಲೆಕ್ಕ ಕಲಿತು ತಡವಾಗಿ ಬರುತ್ತಿದ್ದಳು. ನಾಲ್ಕನೇ ಜಾಗವೊಂದನ್ನು ಆರಿಸಿಕೊಂಡು ಮತ್ತೆ ಭಾನುವಾರ ನದಿಗೆ ಹೊರಟಳು. ತ್ರ್ಯಂಬಕನಿಗೆ ಊಟ ರುಚಿಸುತ್ತಿರಲಿಲ್ಲ. ಅವಳು ಅವನನ್ನು ಈಗ ಏನೂ ಕೇಳುತ್ತಿರಲಿಲ್ಲ. ಒಂದು ಸಂದೇಹವನ್ನೂ ಊಟದ ಮೇಜಿಗೆ ತರುತ್ತಿರಲಿಲ್ಲ.

ಒಂದು ಭಾನುವಾರ ತಡೆಯಲಾರದೆ ಬೈಕು ಹತ್ತಿ ಅವಳ ಹಿಂದೆಯೇ ಹೋದ. ಮೋಹನ ಸರ್ ಅಲ್ಲಿರಬಹುದು ಎಂಬ ಯೋಚನೆಯೂ ಇತ್ತು. ಅವರು ಅಲ್ಲಿರಲಿಲ್ಲ. ಕಾಸರಕೋಡಿನ ಕಡೆಯ ದಂಡೆಯಲ್ಲಿ ನೀರು ಇಳಿದಿತ್ತು. ಶ್ರೀಗೌರಿ ಚೂಡಿದಾರದ ಕಾಲು ಮಡಚಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಬಳಚು ತೆಗೆಯುವ ಸುಬ್ಬಿ. ಇಬ್ಬರೂ ಯಾವುದಕ್ಕೋ ಜೋರಾಗಿ ನಗುತ್ತಿದ್ದರು. ಶ್ರೀಗೌರಿ ಹಾಗೆ ನಗುವುದನ್ನು ಅವನು ಮನೆಯಲ್ಲಿ ನೋಡಿ ಬಹಳ ದಿನವಾಗಿತ್ತು.

"ಅಮ್ಮಾ, ನಿಮ್ಮನಿ ಒಡೇರು ಬಂದ್ರು ಕಾಣಿ," ಎಂದಳು ಸುಬ್ಬಿ.

ಶ್ರೀಗೌರಿ ತಿರುಗಿ ನೋಡಿದಳು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ. "ಬಂದದ್ದು ಚಲೋ ಆತು. ಈ ಚೀಲ ಹಿಡ್ಕಳಿ," ಎಂದಳು.

ಅವನು ಪ್ಯಾಂಟು ಮಡಚಿ ಇಳಿದು ಚೀಲ ಹಿಡಿದುಕೊಂಡ. ಹಿಡಿದುಕೊಂಡೇ ನಿಂತ. ಅವಳು ಅಳೆದಳು, ಬರೆದುಕೊಂಡಳು, ನೀರನ್ನು ಶೀಷೆಗೆ ತುಂಬಿದಳು. ಅವನಿಂದ ಚೀಲ ಹಿಡಿಯುವುದನ್ನು ಬಿಟ್ಟು ಬೇರೇನನ್ನೂ ಅವಳು ಕೇಳಲಿಲ್ಲ. 

ಏಪ್ರಿಲ್‌ನಲ್ಲಿ ತಿದ್ದಿದ ಲೇಖನ ಮತ್ತೆ ಅವನ ಪರಿಶೀಲನೆಗೇ ಬಂತು. ಜೊತೆಗೆ ಪರಿಶೀಲಕರ ಪ್ರತಿ ಆಕ್ಷೇಪಕ್ಕೂ ಲೇಖಕಿಯ ಉತ್ತರ. ವಿನಯದ ಇಂಗ್ಲಿಷು, ತಪ್ಪಿಲ್ಲದ ಲೆಕ್ಕ. ಮೊದಲಿಗಿಂತ ಎಷ್ಟೋ ಪಾಲು ಮೇಲಾಗಿತ್ತು. ಓದುತ್ತ ಬಂದವನು ಒಂದು ಉತ್ತರದ ಹತ್ತಿರ ತಣ್ಣಗಾದ.

'ಸೆಪ್ಟೆಂಬರಿನ ಮಾದರಿಯನ್ನು ಯಾವ ವಾರ ಸಂಗ್ರಹಿಸಲಾಯಿತು ಎಂದು ಲೇಖನದಲ್ಲಿ ಎಲ್ಲಿಯೂ ಹೇಳಿಲ್ಲ. ಆದರೂ ಪರಿಶೀಲಕರು ಹೇಳಿದ್ದು ನಿಜ. ಆ ವಾರ ಲೇಖಕಿಯ ಅತ್ತೆಯವರ ಕಣ್ಣಿನ ಆಪರೇಷನ್ ಇತ್ತು. ಈ ವಿವರವನ್ನು ಈಗ ಸೇರಿಸಲಾಗಿದೆ.'

ಅವನು ಮೂಲ ಲೇಖನ ತೆರೆದು ಹುಡುಕಿದ. ಬರೀ ತಿಂಗಳುಗಳ ಹೆಸರಿತ್ತು. ವಾರದ ಮಾತೇ ಇರಲಿಲ್ಲ. ಮಧ್ಯಾಹ್ನದ ಕ್ಲಾಸನ್ನು ಶ್ರೀಧರನಿಗೆ ವಹಿಸಿ ಮನೆಗೆ ಬಂದ.

ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅವನ ಮುಖ ನೋಡಿ, "ಬಂತಾ?" ಎಂದಳು.

"ಯಾವಾಗ ಗೊತ್ತಾತು?"

"ಅವತ್ತೇ. ಜಗುಲಿ ಮೇಲೆ ಓದತಾ ಇದ್ದಾಗ."

"ಹೇಳಕ್ಕಾಗಿತ್ತು."

"ನಿಂಗ ಹೇಳ್ತ್ರನ ಹೇಳಿ ಕಾದೆ." ಒದ್ದೆ ಸೀರೆಯನ್ನು ಕೊಡವಿ ತಂತಿಗೆ ಹಾಕಿದಳು. "ಸಿಟ್ಟು ಬಂದಿತ್ತು. ಅಳುವೂ ಬಂತು. ಆದ್ರೆ ಇನ್ನೊಂದು ಹೇಳ್ಲಾ? ಮದುವೆಯಾದ ಮೇಲೆ ಯನ್ನ ಒಂದು ಕೆಲಸವ ನಿಂಗ ಇಷ್ಟು ಲಕ್ಷ್ಯಕೊಟ್ಟು ನೋಡಿದ್ದು ಅದೇ ಮೊದಲು. ಬೈಯಲಿಕ್ಕಾದ್ರೂ ಸೈ, ಪೂರ್ತಿ ಓದಿದ್ರಿ."

"ತಪ್ಪಾತು ಗೌರಿ," ಎಂದ. "ಇವತ್ತೇ ಒಪ್ಪಿಗೆ ಹೇಳಿ ಬರದು ಕಳಿಸ್ತೆ. ನಿಜವಾಗ್ಲೂ ಒಳ್ಳೇದಿದ್ದು. ಸುಳ್ಳು ಬರೆಯದೂ ಬೇಡ."

"ಬೇಡ."

"ಎಂತಕ್ಕೆ?"

"ಗಂಡ ಒಪ್ಪಿದ್ದಕ್ಕೆ ಅಚ್ಚಾತು ಹೇಳಿ ಆಗದು ಯಂಗೆ ಬೇಡ. ಸಂಪಾದಕರಿಗೆ ಇದ್ದದ್ದ ಇದ್ದಾಂಗೆ ಬರೀರಿ. ಬೇರೆ ಆರಾದ್ರೂ ನೋಡ್ಲಿ."

"ಯನ್ನ ಹೆಸರು ಹಾಳಾಗ್ತು."

"ಹೌದು," ಎಂದಳು ಶ್ರೀಗೌರಿ. ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಅವನು ಮೂರು ದಿನ ಬರೆಯಲಿಲ್ಲ. ಅವಳು ನೆನಪು ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮೂಕಾಂಬಿಕಾ ಇಬ್ಬರ ಮುಖವನ್ನೂ ನೋಡಿ, "ಎಂತಾತ್ರೋ ನಿಂಗಕ್ಕೆ?" ಎಂದು ಕೇಳಿ ದೇವರ ಮುಂದೆ ಹೋಗಿ ಕೂತರು. ನಾಲ್ಕನೇ ದಿನ ಬೆಳಿಗ್ಗೆ ತ್ರ್ಯಂಬಕ ಲ್ಯಾಬಿನಲ್ಲಿ ಕೂತು ಬರೆದ. ಲೇಖಕಿ ನನ್ನ ಹೆಂಡತಿ. ಗೊತ್ತಿದ್ದೂ ಇಲ್ಲವೆಂದು ಹೇಳಿದೆ. ನನ್ನ ಮೊದಲ ವರದಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾರಣ ಬರೆಯಲು ಹೋಗಿ ಅಳಿಸಿದ, ಮತ್ತೆ ಬರೆದ, ಮತ್ತೆ ಅಳಿಸಿದ. ಕಾರಣವಿಲ್ಲದೆಯೇ ಕಳಿಸಿದ.

ಸಂಪಾದಕರ ಉತ್ತರ ಎರಡು ಸಾಲಿನದು. ನಿಮ್ಮ ಹೆಸರನ್ನು ಪರಿಶೀಲಕರ ಪಟ್ಟಿಯಿಂದ ತೆಗೆದಿದ್ದೇವೆ. ಲೇಖನವನ್ನು ಹೊಸಬರಿಗೆ ಕಳಿಸುತ್ತೇವೆ. ಅವನು ಅದನ್ನು ಶ್ರೀಗೌರಿಗೆ ತೋರಿಸಿದ. ಅವಳು ಓದಿ ಫೋನು ವಾಪಸು ಕೊಟ್ಟು, "ಊಟ ಮಾಡ್ತ್ರಾ?" ಎಂದಳು. ಅಂದು ಬಹಳ ದಿನದ ಮೇಲೆ ಅವಳೂ ಅವನ ಜೊತೆಗೇ ಕೂತು ಉಂಡಳು.

ಹೊಸಬರಿಂದ ತಡವಾಯಿತು. ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು, ಕಾರವಾರದಲ್ಲಿ ಎಂ.ಎಸ್ಸಿ.ಗೆ ಅವಳಿಗೆ ಸೀಟು ಸಿಕ್ಕಿತು. ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಲೇಖನ ಸ್ವೀಕೃತವಾದದ್ದು ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ. ಮೊದಲು ಅವಳ ಹೆಸರು, ಆಮೇಲೆ ಮೋಹನ ಸರ್ ಹೆಸರು. ಕೊನೆಯಲ್ಲಿ ಸುಬ್ಬಿಗೂ ಬುತ್ತಿ ಕಟ್ಟಿಕೊಟ್ಟ ಅತ್ತೆಗೂ ಕೃತಜ್ಞತೆ. ತ್ರ್ಯಂಬಕನ ಹೆಸರು ಇರಲಿಲ್ಲ. ಅವನು ಎರಡು ಸಲ ನೋಡಿದ.

ಪ್ರಿನ್ಸಿಪಾಲರಿಗೆ ಅದು ಹೇಗೋ ತಿಳಿದು, ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೆದುರು ಅವನ ಕೈ ಕುಲುಕಿದರು. "ಎಲ್ಲ ನಿಮ್ಮದೇ ತರಬೇತಿ, ಅಲ್ವಾ?"

ಹೂಂ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಇಲ್ಲ ಸರ್. ಅದರಲ್ಲಿ ನನ್ನದೇನೂ ಇಲ್ಲ," ಎಂದ. ಎಲ್ಲರೂ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವಳದೆಂದು ಗೊತ್ತಿದ್ದೂ, ಗೊತ್ತಿದ್ದದ್ದರಿಂದಲೇ, ಅವನ ಎದೆಯೊಳಗೆ ಹಳೆಯ ಉರಿ ಎದ್ದಿತು.

ಸಂಜೆ ಮನೆಗೆ ಬಂದಾಗ ಶ್ರೀಗೌರಿ ಮರುದಿನದ ಕಾರವಾರದ ರೈಲಿಗೆ ಚೀಲ ತುಂಬುತ್ತಿದ್ದಳು. ಅವನು ಮೀಟಿಂಗಿನಲ್ಲಿ ಆದದ್ದನ್ನೆಲ್ಲ ಹೇಳಿದ. ಕೊನೆಗೆ ಆ ಉರಿಯನ್ನೂ ಹೇಳಿದ. "ಇವತ್ತೂ ಹೊಟ್ಟೆ ಉರತ್ತು ಗೌರಿ. ಹೋಗ್ತೇ ಇಲ್ಲೆ ಅದು."

"ಗೊತ್ತಿದ್ದು. ಬಾಗಿಲಲ್ಲಿ ಬರಕಾದ್ರೇ ಮುಖದಲ್ಲಿ ಕಂಡತ್ತು," ಎಂದಳು ಅವಳು. ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಚೀಲದ ಜಿಪ್ಪು ಎಳೆದು, "ನಾಳೆ ಬಪ್ಪಲೆ ತಡ ಆಗ್ತು. ಅಮ್ಮಂಗೆ ಕಣ್ಣಿಗೆ ಔಷಧಿ ಬಿಡದು ಮರೀಬೇಡಿ, ಅಕ್ಕಿ ತೊಳೆದಿಡಿ," ಎಂದಳು.

"ಆತು," ಎಂದ ತ್ರ್ಯಂಬಕ.