ಪಾಲಿನ ನೀರು

ಗಾಬ್ರೊವೊ ಊರಿನ ಬಟ್ಟೆ ಗಿರಣಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಲೆಕ್ಕ ಬರೆದು ನಿವೃತ್ತಳಾದ ದೊಬ್ರಿಂಕಾ, ತಾನಿದ್ದ ಕಟ್ಟಡದ ಮೇಲ್ವಿಚಾರಣೆಯನ್ನು ಬೇಕೆಂದು ಹೊತ್ತುಕೊಂಡವಳಲ್ಲ. ಹಿಂದೆ ಅದನ್ನು ನೋಡಿಕೊಳ್ಳುತ್ತಿದ್ದವನು ಬೇರೆ ಊರಿಗೆ ಹೊರಟುಹೋದ. ಮುಂದೆ ಯಾರು ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಿಂತರು. ಇವಳೊಬ್ಬಳು ತಲೆ ಎತ್ತಿದ್ದಳು, ಪುಸ್ತಕ ಇವಳ ಕೈಗೆ ಬಂತು.

ಐದು ಮಹಡಿ, ಜನ ವಾಸವಿದ್ದ ಮನೆಗಳು ಹನ್ನೆರಡು. ತಿಂಗಳ ಕೊನೆಯ ಶನಿವಾರ ಅವಳು ಕನ್ನಡಕ, ಬ್ಯಾಟರಿ ಹಿಡಿದು ಮನೆಮನೆಯ ಬಚ್ಚಲಿಗೆ ಹೋಗಿ ಮೀಟರ್ ನೋಡಿ ಬರೆದುಕೊಳ್ಳುತ್ತಿದ್ದಳು. ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಸೇರಿದ ದೊಡ್ಡ ಮೀಟರ್ ಒಂದಿತ್ತು. ಹನ್ನೆರಡು ಮನೆಯ ಲೆಕ್ಕ ಕೂಡಿಸಿದರೂ ದೊಡ್ಡ ಮೀಟರಿನ ಅಂಕಿ ಯಾವಾಗಲೂ ಅದಕ್ಕಿಂತ ಸ್ವಲ್ಪ ಮುಂದೆ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತದೆ, ಯಾರೋ ಮೆಟ್ಟಿಲು ತೊಳೆಯುತ್ತಾರೆ, ಹಳೇ ಮೀಟರುಗಳಿಗೆ ಸಣ್ಣ ಧಾರೆ ಗೊತ್ತೇ ಆಗುವುದಿಲ್ಲ. ಆ ವ್ಯತ್ಯಾಸವನ್ನು ನೀರಿನ ಕಚೇರಿಯವರು ಎಲ್ಲ ಮನೆಗಳ ಬಿಲ್ಲಿಗೂ ಹಂಚುತ್ತಿದ್ದರು. ಹೆಚ್ಚು ಬಳಸಿದವರಿಗೆ ಹೆಚ್ಚು, ಕಡಿಮೆ ಬಳಸಿದವರಿಗೆ ಕಡಿಮೆ. ಕಟ್ಟಡದ ಜನ ಅದನ್ನು ಪಾಲಿನ ನೀರು ಅನ್ನುತ್ತಿದ್ದರು. ತಿಂಗಳಿಗೆ ನಾಲ್ಕೈದು ಸಾವಿರ ಲೀಟರು ಇದ್ದಷ್ಟು ದಿನ ಯಾರೂ ತುಟಿ ಬಿಚ್ಚಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಅದು ಮೂವತ್ತೊಂದು ಸಾವಿರ ಆಯಿತು. ನವೆಂಬರಿನಲ್ಲಿ ಐವತ್ತು.

ದೊಬ್ರಿಂಕಾ ಮೂರು ಸಲ ಕೂಡಿಸಿದಳು. ಅಂಕಿ ಕದಲಲಿಲ್ಲ. ಅವಳ ಪಾಲಿಗೇ ಏಳು ಲೆವಾ, ಮೂರ್ನಾಲ್ಕು ಬ್ರೆಡ್ಡಿನ ದುಡ್ಡು, ಹೆಚ್ಚು ಬಿದ್ದಿತ್ತು. ನಾಲ್ಕನೇ ಮಹಡಿಯ ವಲ್ಕೋನ ಮನೆಗೆ ಇಪ್ಪತ್ತನಾಲ್ಕು. ವಲ್ಕೋ ಟ್ಯಾಕ್ಸಿ ಓಡಿಸುವವನು. ಮನೆಯಲ್ಲಿ ಹೆಂಡತಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ವಾಷಿಂಗ್ ಮಷಿನ್ನಿಗೆ ಬಿಡುವೇ ಇಲ್ಲ. ಅವನು ಬಿಲ್ಲು ಕೈಯಲ್ಲಿ ಹಿಡಿದುಕೊಂಡೇ ಇವಳನ್ನು ಕಾಫಿಗೆ ಕರೆದ, ಪುಸ್ತಕ ತಂದುಬಿಡು ಅಂತಲೂ ಹೇಳಿದ.

ಅಡಿಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಚ್ಚಿಕೊಂಡು ಅವನ ಬೆರಳು ಒಂದೊಂದೇ ಹೆಸರು ಇಳಿಯುತ್ತಾ ಬಂದು ಮೂರನೇ ಮಹಡಿಯಲ್ಲಿ ನಿಂತಿತು. ಮಿನ್ಯು ಎಂಬ ಮುದುಕ, ಹಿರಿಯರನ್ನು ಕರೆಯುವ ಊರಿನ ರೂಢಿಯಂತೆ ಎಲ್ಲರ ಬಾಯಲ್ಲೂ ಬಾಯ್ ಮಿನ್ಯು. ವಯಸ್ಸು ಎಪ್ಪತ್ತೊಂಬತ್ತು, ಹೆಂಡತಿ ತ್ಸೋನಾ ಸತ್ತು ಎರಡು ವರ್ಷ. ಅವನ ಹೆಸರಿನ ಮುಂದೆ ಪ್ರತಿ ತಿಂಗಳೂ ಒಂದೇ ಅಂಕಿ. ಒಂದು ಸಾವಿರ ಲೀಟರು.

ಒಂದು ತಿಂಗಳು ಮನುಷ್ಯ ಇದರಲ್ಲಿ ಹೇಗೆ ಬದುಕುತ್ತಾನೆ ಅಂತ ವಲ್ಕೋ ಕೇಳಿದ. ಮೀಟರಿಗೆ ಅಯಸ್ಕಾಂತ ಅಂಟಿಸಿದರೆ ಒಳಗಿನ ಚಕ್ರ ನಿಂತುಹೋಗುತ್ತದಂತೆ, ನೀರು ಮಾತ್ರ ಬರುತ್ತಲೇ ಇರುತ್ತದಂತೆ, ಟ್ಯಾಕ್ಸಿ ನಿಲ್ದಾಣದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಅಂದ.

ಆಗ ದೊಬ್ರಿಂಕಾ, ಸಕ್ಕರೆ ಕಲಕುತ್ತಾ, ಏನೂ ಯೋಚಿಸದೆ ಹೇಳಿದಳು: "ಅವರ ಮನೇಲಿ ಅಯಸ್ಕಾಂತಕ್ಕೇನು ಬರ. ಕಪಾಟಿನ ತುಂಬ ಇವೆ."

ಅದು ಸುಳ್ಳಲ್ಲ. ಬಾಯ್ ಮಿನ್ಯು ಹಳೇ ರೇಡಿಯೊ ರಿಪೇರಿ ಮಾಡುತ್ತಿದ್ದ. ಒಡೆದ ಸ್ಪೀಕರುಗಳಿಂದ ತೆಗೆದ ಅಯಸ್ಕಾಂತಗಳು, ಬಳೆಯಷ್ಟು ದೊಡ್ಡವು, ಅವನ ಕಿಟಕಿಯ ಪಕ್ಕದ ಕಪಾಟಿನಲ್ಲಿ ಸಾಲಾಗಿರುತ್ತಿದ್ದವು. ತ್ಸೋನಾ ಇದ್ದ ಕಾಲದಿಂದ ಮೂವತ್ತು ವರ್ಷ ಆ ಮನೆಯಲ್ಲಿ ಕಾಫಿ ಕುಡಿದವಳು ಇವಳು, ನೋಡದೆ ಇರುತ್ತಾಳೆಯೇ. ಇವಳ ಗಂಡ ತೀರಿಕೊಂಡಾಗ ಶವದ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನೂ ಬಾಯ್ ಮಿನ್ಯುವೇ. ವಲ್ಕೋ ಕಾಫಿ ಲೋಟ ಕೆಳಗಿಟ್ಟದ್ದು ನೋಡಿದಾಗಲೇ ಅವಳಿಗೆ ಆಡಬಾರದ್ದು ಆಡಿಬಿಟ್ಟೆ ಅನ್ನಿಸಿತು. ಆದರೆ ಮಾತು ಆಗಲೇ ಮೇಜಿನ ಆಚೆ ದಾಟಿತ್ತು.

ಡಿಸೆಂಬರ್ ಮೊದಲ ಭಾನುವಾರ ಮೆಟ್ಟಿಲ ಹತ್ತಿರ ಸಭೆ ಸೇರಿತು. ಬೆಳಗ್ಗೆಯೇ ಸುದ್ದಿ ಐದೂ ಮಹಡಿ ಸುತ್ತಿ ಬಂದಿತ್ತು. ಕಂಬಿ ಹಿಡಿದು ಇಳಿದ ಬಾಯ್ ಮಿನ್ಯುವಿಗೆ ಮಾತ್ರ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ವಲ್ಕೋ ಮೊದಲು ತಮಾಷೆಯಿಂದಲೇ ಶುರು ಮಾಡಿದ. "ನಮ್ಮೂರೋರು ಜಿಪುಣರು ಅಂತ ದೇಶವೆಲ್ಲ ನಗತ್ತೆ, ಮನೆ ಬಿಸಿ ಆಚೆ ಹೋಗದ ಹಾಗೆ ಬಾಗಿಲು ಬೇಗ ಹಾಕ್ಲಿ ಅಂತ ಬೆಕ್ಕಿನ ಬಾಲ ಕತ್ತರಿಸಿದೋರು ನಾವು. ಆದ್ರೂ ಬಾಯ್ ಮಿನ್ಯು, ಒಂದು ಸಾವಿರ ಲೀಟರಲ್ಲಿ ತಿಂಗಳು ಕಳೆಯೋ ವಿದ್ಯೆ ನಮಗೂ ಸ್ವಲ್ಪ ಹೇಳ್ಕೊಡಿ."

ಒಂದಿಬ್ಬರು ನಕ್ಕರು. ಮುದುಕನೂ ನಕ್ಕ. ಒಬ್ಬನೇ ಇದ್ದೀನಲ್ಲ, ಬಟ್ಟೆ ಮಗಳು ಒಗೆದು ಕಳಿಸ್ತಾಳೆ, ಮಧ್ಯಾಹ್ನದ ಊಟ ಪಿಂಚಣಿದಾರರ ಕ್ಲಬ್ಬಿನಲ್ಲಿ, ಮುಖ ತೊಳೆದ ನೀರು ಕಕ್ಕಸಿಗೆ ಹಾಕ್ತೀನಿ, ಅಷ್ಟೇ ವಿದ್ಯೆ ಅಂದ. ವಲ್ಕೋ ನಗು ನಿಲ್ಲಿಸಿ ಅಯಸ್ಕಾಂತದ ಮಾತು ತೆಗೆದ. ಮುದುಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ವಲ್ಕೋನನ್ನು ನೋಡಲಿಲ್ಲ, ದೊಬ್ರಿಂಕಾಳನ್ನು ನೋಡಿದ. ಆ ಕಪಾಟು ನೋಡಿದ್ದವಳು ಅಲ್ಲಿ ಅವಳೊಬ್ಬಳೇ.

"ನೀನೂ ಹಾಗೇ ಅಂದ್ಕೊಂಡಿದೀಯಾ, ದೊಬ್ರಿಂಕಾ?"

ಇಲ್ಲ ಅಂದಿದ್ದರೆ ಆಗಿತ್ತು. ಎರಡಕ್ಷರ ಸಾಕಿತ್ತು. ಅವಳು ಪುಸ್ತಕ ಎದೆಗೆ ಒತ್ತಿಕೊಂಡು, "ಒಂದ್ಸಲ ಮೀಟರ್ ನೋಡಿಬಿಡೋಣ ಬಾಯ್ ಮಿನ್ಯು, ಎಲ್ರ ಬಾಯೂ ಮುಚ್ಚತ್ತೆ" ಅಂದಳು.

ಏಳು ಜನ ಅವನ ಬಚ್ಚಲ ಬಾಗಿಲಲ್ಲಿ ಒತ್ತಿಕೊಂಡು ನಿಂತು ನೋಡಿದರು. ಮೀಟರಿನ ಸೀಲು ಸರಿಯಾಗಿತ್ತು, ನಲ್ಲಿ ತಿರುಗಿಸಿದರೆ ಚಕ್ರ ತಿರುಗುತ್ತಿತ್ತು. ಸಭೆ ಅಂತ ಗೊತ್ತಿದ್ದ ಮೇಲೆ ಯಾರು ತಾನೇ ಅಂಟಿಸಿಟ್ಟಿರ್ತಾರೆ ಅಂತ ಹಿಂದಿನಿಂದ ಯಾರೋ ಗೊಣಗಿದರು. ಬಾಯ್ ಮಿನ್ಯು ಒಳಗೆ ಹೋಗಿ ಒಂದು ತಂತಿ, ಒಂದು ಸೀಸದ ಗುಂಡು, ಇಕ್ಕಳ ತಂದ. ಮನೆಯ ನೀರು ಬರುವ ಕವಾಟವನ್ನು ಪೂರ್ತಿ ಮುಚ್ಚಿದ. ಅದರ ಹಿಡಿಗೆ ತಂತಿ ಸುತ್ತಿ, ಮೀಟರಿನ ಸೀಲಿನ ಹಾಗೆ ಗುಂಡು ಕೂರಿಸಿ, ಇಕ್ಕಳವನ್ನು ದೊಬ್ರಿಂಕಾಳ ಕೈಗೆ ಕೊಟ್ಟ.

"ನೀನೇ ಒತ್ತು. ಪುಸ್ತಕದಲ್ಲಿ ನನ್ನ ಮುಂದೆ ಸೊನ್ನೆ ಬರಿ. ಮಿಕ್ಕಿದ್ದು ನೀವು ನೀವೇ ಹಂಚ್ಕೊಳಿ."

ಬೇಡ ಅಂತ ಅವಳು ಅಂದಳು, ವಲ್ಕೋ ಕೂಡ ಇಷ್ಟೆಲ್ಲ ಯಾಕೆ ಅಂದ. ಮುದುಕ ಕೈ ಚಾಚಿಕೊಂಡೇ ನಿಂತಿದ್ದ. ಕೊನೆಗೆ ಅವಳು ಇಕ್ಕಳ ತಗೊಂಡು ಒತ್ತಿದಳು.

ಮರುದಿನದಿಂದ ಬಾಯ್ ಮಿನ್ಯು ಬೀದಿಯ ಕೊನೆಯ ಕಲ್ಲಿನ ಚಿಲುಮೆಯಿಂದ ನೀರು ಹೊರತೊಡಗಿದ. ಐದೈದು ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನು, ದಿನಕ್ಕೆ ಎರಡು ಸಲ. ಚಿಲುಮೆಯಿಂದ ಬೀದಿಗೆ ಇಪ್ಪತ್ತಾರು ಕಲ್ಲಿನ ಮೆಟ್ಟಿಲು. ದೊಬ್ರಿಂಕಾಳ ಅಡಿಗೆಮನೆಯ ಕಿಟಕಿಗೆ ಅದು ಕಾಣುತ್ತಿತ್ತು. ಅವನು ಪ್ರತಿ ಏಳೆಂಟು ಮೆಟ್ಟಿಲಿಗೆ ಕ್ಯಾನು ಕೆಳಗಿಟ್ಟು ಬೆರಳು ಬಿಡಿಸಿಕೊಂಡು ಮತ್ತೆ ಎತ್ತುತ್ತಿದ್ದ. ಅವಳು ಒಂದು ವಾರ ಪರದೆ ಎಳೆದುಕೊಂಡು ಪಾತ್ರೆ ತೊಳೆದಳು. ಎರಡನೇ ವಾರ ಚೀಸು ತುಂಬಿದ ಪದರು ರೊಟ್ಟಿ ಬಾನಿತ್ಸಾ ಸುಟ್ಟು, ಬಿಸಿ ಆರುವ ಮೊದಲೇ ಅವನ ಬಾಗಿಲು ತಟ್ಟಿದಳು.

ಅವನು ಒಳಗೆ ಕರೆದ, ಕೂರಿಸಿದ, ಬಾನಿತ್ಸಾ ಚೆನ್ನಾಗಿದೆ ಅಂದ. ಒಲೆಯ ಮೇಲೆ ಚಿಲುಮೆ ನೀರು ಕಾಯುತ್ತಿತ್ತು. ಕವಾಟ ಬಿಚ್ಚಿಬಿಡೋಣ ಅಂತ ಅವಳು ಹೇಳಿದಾಗ ಬೇಡ ಎಂದು ತಲೆಯಾಡಿಸಿದ.

"ಡಿಸೆಂಬರ್ ಲೆಕ್ಕ ಬರ್ಲಿ. ಆಮೇಲೆ ನೀನೇ ಬಂದು ಬಿಚ್ಚು."

ಕಾಫಿ ಕೊಡಲಿಲ್ಲ. ಆ ಮನೆಯಲ್ಲಿ ಅವಳಿಗೆ ಕಾಫಿ ಕೊಡದೆ ಕಳಿಸಿದ್ದು ಅದೇ ಮೊದಲು.

ಡಿಸೆಂಬರ್ ಮೂವತ್ತಕ್ಕೆ ಲೆಕ್ಕ ಬಂತು. ಮೂರನೇ ಮಹಡಿಯ ಮುದುಕನ ಮುಂದೆ ಸೊನ್ನೆ. ಪಾಲಿನ ನೀರು ಐವತ್ತನಾಲ್ಕು ಸಾವಿರ ಲೀಟರು.

ನೆಲಮಾಳಿಗೆಯ ದೊಡ್ಡ ಮೀಟರಿನ ಮುಂದೆ ದೊಬ್ರಿಂಕಾ ಬಹಳ ಹೊತ್ತು ನಿಂತಳು. ಆಗಲೇ ಮೂರು ಮಹಡಿ ಹತ್ತಿ ಹೋಗಬಹುದಿತ್ತು. ನೀವಲ್ಲ ಬಾಯ್ ಮಿನ್ಯು, ತಪ್ಪಾಯ್ತು ಅಂದು ತಂತಿ ಕತ್ತರಿಸಿದ್ದರೆ ಐದು ನಿಮಿಷದ ಕೆಲಸ. ಆದರೆ ಬರಿಗೈಯಲ್ಲಿ ಹೇಗೆ ಹೋಗುವುದು, ನೀರು ಎಲ್ಲಿ ಹೋಗುತ್ತಿದೆ ಅಂತ ಕಂಡುಹಿಡಿದು, ಎಲ್ಲರನ್ನೂ ಕರೆದುಕೊಂಡು, ವಲ್ಕೋನನ್ನು ಮುಂದೆ ನಿಲ್ಲಿಸಿಕೊಂಡು ಹೋದರೆ ಅವನಿಗೂ ಮರ್ಯಾದೆ ಅಂತ ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಅವನ ಕಣ್ಣು ನೋಡುವ ಧೈರ್ಯ ಇರಲಿಲ್ಲ. ಕೊಳಾಯಿಯವನಿಗೆ ಫೋನ್ ಮಾಡಿದಳು. ಹೊಸ ವರ್ಷದ ಹಬ್ಬ ಕಳೆದ ಮೇಲೆ, ಜನವರಿ ಎಂಟನೇ ತಾರೀಖು ಸೋಮವಾರ ಬರುತ್ತೇನೆ ಅಂದ. ಸರಿ, ಎಂಟಕ್ಕೇ ಹೇಳೋಣ ಎಂದು ಪುಸ್ತಕ ಮುಚ್ಚಿದಳು.

ಆರನೇ ತಾರೀಖು ಶನಿವಾರ ಬೆಳಗ್ಗೆ ಚಿಲುಮೆಯ ಮೆಟ್ಟಿಲ ಮೇಲೆ ಬಾಯ್ ಮಿನ್ಯು ಜಾರಿ ಬಿದ್ದ. ರಾತ್ರಿ ಮಂಜು ಬಿದ್ದು ಕಲ್ಲೆಲ್ಲ ಗಾಜಾಗಿತ್ತು. ಮೊದಲು ನೋಡಿದವನು ವಲ್ಕೋ. ಟ್ಯಾಕ್ಸಿ ಅಲ್ಲೇ ಬೀದಿಯಲ್ಲಿ ಬಿಟ್ಟು ಇಳಿದು, ಮುದುಕನನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಮಲಗಿಸಿದ. ದೊಬ್ರಿಂಕಾ ಕೋಟು ಹಾಕಿಕೊಂಡು ಓಡಿ ಬರುವಷ್ಟರಲ್ಲಿ ಕಾರು ಹೊರಟಿತ್ತು. ಒಂದು ಕ್ಯಾನು ಒಡೆದು ನೀರು ಮೆಟ್ಟಿಲ ಮೇಲೆಯೇ ಹೆಪ್ಪುಗಟ್ಟುತ್ತಿತ್ತು. ಇನ್ನೊಂದು ಮುಚ್ಚಳ ಬಿಗಿಯಾಗಿದ್ದು ಹಾಗೇ ಉರುಳಿ ಕೆಳಗೆ ಬಿದ್ದಿತ್ತು. ಅದನ್ನು ಅವಳು ಎತ್ತಿಕೊಂಡು ಬಂದು ಅವನ ಬಾಗಿಲ ಮುಂದೆ ಇಟ್ಟಳು. ಬೇರೇನು ಮಾಡಬೇಕೋ ತೋಚಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಭಾನುವಾರ ಶಸ್ತ್ರಚಿಕಿತ್ಸೆ ಆಯಿತು.

ಸೋಮವಾರ ಕೊಳಾಯಿಯವನು ಬಂದ. ನಡು ಮಧ್ಯಾಹ್ನ ಹನ್ನೆರಡು ಮನೆಯ ಕವಾಟವನ್ನೂ ಮುಚ್ಚಿಸಿ ಇಬ್ಬರೂ ದೊಡ್ಡ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಟ್ಟಡದಲ್ಲಿ ಒಂದು ತೊಟ್ಟು ನೀರನ್ನೂ ಯಾರೂ ಬಳಸುತ್ತಿರಲಿಲ್ಲ, ಆದರೂ ಕೆಂಪು ಚಕ್ರ ಸಲೀಸಾಗಿ ತಿರುಗುತ್ತಿತ್ತು. ಅವನು ಗೋಡೆ ಹಿಡಿದು ಪೈಪಿನ ಜಾಡಿನಲ್ಲೇ ಹೋಗಿ, ಬೀಗ ಜಡಿದ ಒಂದು ಬಾಗಿಲ ಮುಂದೆ ನಿಂತ. ಹಿಂದಿನ ಕಾಲದಲ್ಲಿ ಎಲ್ಲರೂ ಸೇರಿ ಬಟ್ಟೆ ಒಗೆಯುತ್ತಿದ್ದ ಕೋಣೆ ಅದು. ಕೀಲಿ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ, ಬೀಗ ಒಡೆದರು. ಮೂಲೆಯಲ್ಲಿ ತುಕ್ಕು ತಿಂದ ಪೈಪಿನಿಂದ ಬೆರಳು ಗಾತ್ರದ ನೀರು ಗೋಡೆಗೆ ಅಂಟಿಕೊಂಡು ಇಳಿದು ನೇರ ಮೋರಿಗೆ ಹೋಗುತ್ತಿತ್ತು. ಸದ್ದೇ ಇಲ್ಲ. ಅವನು ಹತ್ತು ನಿಮಿಷದಲ್ಲಿ ಪೈಪಿನ ಬಾಯಿ ಮುಚ್ಚಿ ಕೈ ಒರೆಸಿಕೊಂಡ.

ಮಂಗಳವಾರ ಅವಳು ಆಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮಂಚದ ಪಕ್ಕ ನಿಂತಾಗ ಚೆದುರಿಹೋದವು. ಮುದುಕನ ಕೆನ್ನೆ ಒಳಗೆ ಹೋಗಿತ್ತು, ಉಸಿರಿಗೆ ಕೆಮ್ಮು ಸೇರಿತ್ತು. ಪೈಪು ಎಲ್ಲಿ ತೂತಾಗಿತ್ತು ಅಂತ ಹೇಳಿದಳು. ಅವನ ಮನೆಯಲ್ಲಿ ಅಯಸ್ಕಾಂತ ಇವೆ ಅಂತ ವಲ್ಕೋಗೆ ಹೇಳಿದ್ದು ತಾನೇ ಅಂತಲೂ ಹೇಳಿದಳು.

ಅವನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡ.

"ಗೊತ್ತು ಬಿಡು. ಆ ಕಪಾಟು ಇನ್ಯಾರಿಗೆ ಗೊತ್ತಿತ್ತು." ಕೆಮ್ಮಿಕೊಂಡು ಮತ್ತೆ ಅಂದ: "ಒಗೆಯೋ ಕೋಣೆ ಪೈಪು. ಕಟ್ಟಡ ಕಟ್ಟುವಾಗ ನಾವು ಗಂಡಸರೆಲ್ಲ ಸೇರಿ ಎಳೆದಿದ್ವಿ ಅದನ್ನ. ನೀರು ಎಲ್ಲಿ ಹೋಗ್ತಿರಬಹುದು ಮಿನ್ಯು ಅಂತ ಯಾರಾದ್ರೂ ಒಂದು ಮಾತು ಕೇಳಿದ್ರೆ, ಅವತ್ತೇ ಹೇಳ್ತಿದ್ದೆ. ನೀವು ಯಾರೂ ಕೇಳ್ಲಿಲ್ಲ."

ಅವಳು ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಕೆಮ್ಮು ಎದೆಗೆ ಇಳಿಯಿತು. ಅದಾದ ಎಂಟನೇ ದಿನ ಬಾಯ್ ಮಿನ್ಯು ತೀರಿಕೊಂಡ.

ಕಟ್ಟಡದ ಬಾಗಿಲಿಗೆ ಕಪ್ಪು ಅಂಚಿನ ಕಾಗದದಲ್ಲಿ ಅವನ ಚಿತ್ರ ಅಂಟಿಸಿದರು. ಹೂವಿಗೆ ಹಣ ಎತ್ತಿದಾಗ ಯಾರೂ ಹಿಂದೆಮುಂದೆ ನೋಡಲಿಲ್ಲ. ವಲ್ಕೋ ಶವದ ಪೆಟ್ಟಿಗೆಗೆ ಹೆಗಲು ಕೊಟ್ಟ, ಸ್ಮಶಾನದಿಂದ ಬಂದ ಮೇಲೆ ಎರಡು ದಿನ ಟ್ಯಾಕ್ಸಿ ತೆಗೆಯಲಿಲ್ಲ. ಆ ತಿಂಗಳ ಬಿಲ್ಲಿನಲ್ಲಿ ಪಾಲಿನ ನೀರು ಇಳಿದಿತ್ತು, ಮುಂದಿನ ತಿಂಗಳು ಮತ್ತೆ ನಾಲ್ಕು ಸಾವಿರಕ್ಕೆ ಬಂತು.

ಮುದುಕನ ಮಗಳು ಇವೆಲಿನಾ ಸೆವ್ಲಿಯೆವೊದಿಂದ ಮನೆ ಖಾಲಿ ಮಾಡಲು ಬಂದಳು. ನೆಲ ಒರೆಸಲು ನಲ್ಲಿ ತಿರುಗಿಸಿದರೆ ನೀರಿಲ್ಲ. ಕೆಳಗಿಳಿದು ದೊಬ್ರಿಂಕಾಳ ಬಾಗಿಲು ತಟ್ಟಿ, ಇನ್ನೂ ಕಟ್ಟಡಕ್ಕೆ ನೀರು ಬಂದಿಲ್ಲವಾ ಅಂತ ಕೇಳಿದಳು. ಇಡೀ ಬೀದಿಯ ಪೈಪು ಕೆಟ್ಟಿದೆ, ಎಲ್ಲರೂ ಚಿಲುಮೆಯಿಂದ ಹೊರುತ್ತಿದ್ದೇವೆ ಅಂತ ಅಪ್ಪ ಫೋನಿನಲ್ಲಿ ಹೇಳಿದ್ದನಂತೆ.

ದೊಬ್ರಿಂಕಾ ಅವಳನ್ನು ಒಳಗೆ ಕರೆದು ಕೂರಿಸಿ ಎಲ್ಲವನ್ನೂ ಹೇಳಿದಳು. ಕಾಫಿಯ ಹೊತ್ತಿನ ಮಾತು, ಸಭೆ, ಇಕ್ಕಳ, ಮೂವತ್ತನೇ ತಾರೀಖಿನ ಲೆಕ್ಕ, ಎಂಟನೇ ತಾರೀಖಿನವರೆಗೆ ಕಾದದ್ದು. ಕೊನೆಯದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಇವೆಲಿನಾ ಕೂಗಾಡಲಿಲ್ಲ. ನೆಲ ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಅದನ್ನು ಮಡಚುತ್ತಾ ಮಡಚುತ್ತಾ ಕೇಳಿದಳು:

"ಎಷ್ಟು ದುಡ್ಡಿನ ವಿಷಯ ಇದು?"

"ನನ್ನ ಪಾಲಿಗೆ ಏಳು ಲೆವಾ ಬಿದ್ದಿತ್ತು."

ಇವೆಲಿನಾ ಎದ್ದಳು. ಬಾಗಿಲಲ್ಲಿ ನಿಂತು, ತಂತಿ ಕತ್ತರಿಸೋಕೆ ಏನಾದ್ರೂ ಇದ್ರೆ ಕೊಡಿ, ನೀವು ಮೇಲೆ ಬರೋದು ಬೇಡ ಅಂದಳು.

ಫೆಬ್ರವರಿ ಕೊನೆಯಲ್ಲಿ ನಲವತ್ತನೇ ದಿನದ ಪೂಜೆಗೆ ದೊಬ್ರಿಂಕಾಳನ್ನು ಯಾರೂ ಕರೆದಿರಲಿಲ್ಲ. ಕರೆಯದೆಯೇ ಹೋದಳು. ಸ್ಮಶಾನದ ಹಿಮ ಕರಗಿ ಕೆಸರಾಗಿತ್ತು, ಪಾದ್ರಿ ಬೇಗ ಬೇಗ ಪ್ರಾರ್ಥನೆ ಮುಗಿಸಿ ಹೊರಟ. ಅವಳು ಎಲ್ಲರಿಗಿಂತ ಹಿಂದೆ, ಬೇರೆ ಯಾರದೋ ಸಮಾಧಿಯ ಪಕ್ಕ ನಿಂತಿದ್ದಳು. ಇವೆಲಿನಾ ಸಕ್ಕರೆ ಹಾಕಿದ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಹಂಚುತ್ತಾ ಬಂದಳು. ಇವಳ ಮುಂದೆ ಬಂದಾಗ ಒಂದು ಗಳಿಗೆ ನಿಂತಳು. ಆಮೇಲೆ ಎಲ್ಲರಿಗೂ ಕೊಟ್ಟ ಹಾಗೆ ಒಂದು ಚಮಚ ಅಂಗೈಗೆ ಹಾಕಿ, ಮುಖ ನೋಡದೆ ಮುಂದೆ ಹೋದಳು.

ಗೋಧಿ ಕೈಗೆ ಬಿದ್ದಾಗ, ದೇವರು ಕ್ಷಮಿಸಲಿ ಅನ್ನಬೇಕು. ಸತ್ತವರ ಹೆಸರಿನಲ್ಲಿ ಅನ್ನುವ ಮಾತು ಅದು, ಅಲ್ಲಿದ್ದವರೆಲ್ಲ ಅಂದರು. ದೊಬ್ರಿಂಕಾ ಒಬ್ಬಳೇ ಅದನ್ನು ಅನ್ನಲಿಲ್ಲ. ಅಂಗೈ ಮುಚ್ಚಿಕೊಂಡು, ಜನ ಚೆದುರುವವರೆಗೂ ಅಲ್ಲೇ ಕೆಸರಿನಲ್ಲಿ ನಿಂತಿದ್ದಳು.